ನಾನು ಹಾಕಿದ ಸೊಟ್ಟ ಎಲೆ

ಯಾರ ಮನೆಗೆ ಹೋದರೂ ನನ್ನದೊಂದು ಕೆಟ್ಟ ಚಾಳಿ. ದಿಂಬಿನ ಮೇಲೋ ಟೀಪಾಯಿಯ ಮೇಲೋ ಕಸೂತಿ ಹಾಕಿದ ಬಟ್ಟೆ ಕಂಡರೆ, ಮನೆಯವರು ಕಾಫಿ ತರಲು ಒಳಗೆ ಹೋದದ್ದೇ ತಡ, ಅದರ ಮೂಲೆಯನ್ನು ಮೆಲ್ಲಗೆ ಎತ್ತಿ ಹಿಂಬದಿಯನ್ನು ನೋಡುತ್ತೇನೆ. ಮುಂದೆ ಗುಲಾಬಿ ಅರಳಿದ್ದರೆ ಹಿಂದೆ ಏನಾಗಿದೆ, ದಾರ ಎಲ್ಲಿಂದ ಎಲ್ಲಿಗೆ ಹಾರಿದೆ, ಗಂಟು ಎಷ್ಟು ದಪ್ಪ, ಇದನ್ನೆಲ್ಲ ತಿಳಿದುಕೊಳ್ಳದೆ ನನಗೆ ಕಾಫಿ ರುಚಿಸುವುದಿಲ್ಲ. ಒಮ್ಮೆ ಹೀಗೇ ಬೀಗರ ಮನೆಯಲ್ಲಿ ಸೋಫಾದ ಹೊದಿಕೆ ಎತ್ತಿ ಬಗ್ಗಿ ನೋಡುತ್ತಿದ್ದಾಗ ಬೀಗಿತ್ತಿ ಬಂದು, "ಏನಾದ್ರೂ ಬಿತ್ತಾ?" ಎಂದರು. "ಓಲೆಯ ತಿರುಪು" ಎಂದೆ. ಪಾಪ, ಅವರೂ ನನ್ನ ಜೊತೆ ಬಗ್ಗಿ ಬಹಳ ಹೊತ್ತು ಹುಡುಕಿದರು. ತಿರುಪು ನನ್ನ ಕಿವಿಯಲ್ಲೇ ಇತ್ತು.

ಈ ಚಾಳಿ ನನಗೆ ಅಂಟಿದ್ದು ಮದ್ದೂರಿನಲ್ಲಿ, ನಮ್ಮ ದೊಡ್ಡಮ್ಮನಿಂದ. ಎಪ್ಪತ್ತರ ದಶಕದ ನಡುವಿನ ಮಾತು ಅದು. ಅಪ್ಪನಿಗೆ ಮಂಡ್ಯದ ಹತ್ತಿರ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಅಲ್ಲಿನ ಕ್ವಾರ್ಟರ್ಸಿನಲ್ಲಿ ನಮ್ಮ ಸಂಸಾರ. ಕಿಟಕಿ ತೆರೆದರೆ ಭತ್ತದ ಪಾತಿಗಳು, ಒಂದೊಂದು ಪಾತಿಗೂ ಒಂದೊಂದು ತಗಡಿನ ಹಲಗೆ, ತಲೆಗೆ ಟೋಪಿ ಹಾಕಿಕೊಂಡು ಬದುವಿನ ಮೇಲೆ ಹೋಗುವ ವಿಜ್ಞಾನಿಗಳು. ಪಿಯುಸಿಯಲ್ಲಿ ರಸಾಯನಶಾಸ್ತ್ರ ನನಗೆ ಕೈಕೊಟ್ಟಿತ್ತು. ಮನೆಯಲ್ಲಿ ಕೂತ ಹುಡುಗಿ ಎಂದಮೇಲೆ ಗಂಡಿನ ಕಡೆಯವರು ಬರುವುದು ಶುರುವಾಯಿತು. ಆಗೆಲ್ಲ ಅವರು ಹಾಡು ಕೇಳುವಂತೆ ಕೈಕೆಲಸವನ್ನೂ ಕೇಳುತ್ತಿದ್ದರು. ನನ್ನ ಕೈಕೆಲಸದ ಸ್ಥಿತಿ ಹೇಗಿತ್ತೆಂದರೆ, ಒಂದು ಕಾಲುಚೀಲಕ್ಕೆ ಜೊತೆ ಇರಲಿಲ್ಲ, ಒಂದು ನವಿಲಿಗೆ ಕಾಲು ಇರಲಿಲ್ಲ, ಬಾಗಿಲ ಮೇಲೆ ತೂಗುಹಾಕಲೆಂದು ಶುರುಮಾಡಿದ "ಸ್ವಾಗತ" ಎಂಬ ಕಸೂತಿ ಪಟ "ಸ್ವಾಗ" ಎಂಬಲ್ಲಿಗೆ ನಿಂತು ವರ್ಷವಾಗಿತ್ತು. ಶುರುಮಾಡುವುದರಲ್ಲಿ ನನ್ನಷ್ಟು ಉತ್ಸಾಹಿ ಇಡೀ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬಳು ಇದ್ದಿರಲಾರಳು. ಮುಗಿಸುವ ಹೊತ್ತಿಗೆ ಮಾತ್ರ ಬೇರೆ ಬಣ್ಣದ ದಾರ ಕಣ್ಣಿಗೆ ಬಿದ್ದು ಮನಸ್ಸು ಅತ್ತ ಹೋಗುತ್ತಿತ್ತು.

ಹೀಗಾಗಿ ಅಮ್ಮ ಒಮ್ಮೆ, ಗಂಡಿನವರು ಬಂದಾಗ, ದೊಡ್ಡಮ್ಮ ಹಾಕಿದ ಮೇಜಿನ ಹಾಸನ್ನು ನನ್ನದೆಂದು ಹರಡಿದಳು. ಗಂಡಿನ ತಾಯಿ ಅದರ ಮೇಲೆ ಬೆರಳಾಡಿಸಿ, "ಇದು ಯಾವ ಹೊಲಿಗೆ, ಮರಿ?" ಎಂದರು. ನಾನು ಗಾಬರಿಯಲ್ಲಿ "ಹಸಿರು" ಎಂದುಬಿಟ್ಟೆ. ಅವರು ಉಪ್ಪಿಟ್ಟು ಚೆನ್ನಾಗಿತ್ತೆಂದು ಹೇಳಿ ಹೋದರು. ಮಾರನೆಯ ದಿನವೇ ಅಪ್ಪ ನನ್ನನ್ನು ಮದ್ದೂರಿನ ಬಸ್ಸು ಹತ್ತಿಸಿದರು.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ, ರುಕ್ಮಿಣಿ. ಎಳೆಯ ವಯಸ್ಸಿನಲ್ಲೇ ಗಂಡ ತೀರಿಕೊಂಡಾಗ ತಾತ ಯಾರ ಮಾತಿಗೂ ಕಿವಿಗೊಡದೆ ಆಕೆಯನ್ನು ಹೊಲಿಗೆಯ ತರಬೇತಿಗೆ ಕಳಿಸಿದ್ದರಂತೆ. ಆಗ ಆಕೆ ಮದ್ದೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್. ರೈಲು ಹಳಿಯ ಪಕ್ಕದ ಬೀದಿಯಲ್ಲಿ ಪುಟ್ಟ ಬಾಡಿಗೆ ಮನೆ, ಮುಂದೊಂದು ಜಗುಲಿ, ಜಗುಲಿಯ ಮೇಲೆ ಹೊಂಗೆ ಮರದ ನೆರಳು. ರೈಲು ಹೋದಾಗಲೆಲ್ಲ ಗೂಡಿನಲ್ಲಿದ್ದ ಲೋಟಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು.

ಶಾಲೆಯಲ್ಲಿ ಲಂಗ ಹೊಲಿಯುವುದನ್ನು ಹೇಳಿಕೊಡುವುದು ಆಕೆಯ ಕೆಲಸವಾದರೆ, ಮನೆಯಲ್ಲಿ ಆಕೆಯ ಹವ್ಯಾಸವೇ ಬೇರೆ. ಇನ್ನೊಬ್ಬರು ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸುವುದು. ತಾನಾಗಿ ಹೊಸದೊಂದನ್ನು ಶುರುಮಾಡಿದ್ದನ್ನು ನಾನು ನೋಡಿದ್ದೇ ಕಡಿಮೆ. ಊರಿನ ಹೆಂಗಸರು ಒಂದೇ ತೋಳಿನ ಸ್ವೆಟರು, ಅಂಚಿಲ್ಲದ ಮೇಜಿನ ಹಾಸು, ದಳ ಉದುರಿದಂತಿದ್ದ ಕ್ರೋಶಾ ಹೂವು ಎಲ್ಲವನ್ನೂ ಚೀಲದಲ್ಲಿ ತುಂಬಿ ತಂದುಕೊಡುತ್ತಿದ್ದರು. ಹೊಟ್ಟೆಯಲ್ಲಿದ್ದ ಮಗುವಿಗೆಂದು ಶುರುವಾದ ಸ್ವೆಟರು, ಆ ಮಗು ಸ್ಲೇಟು ಹಿಡಿದು ಶಾಲೆಗೆ ಹೋಗುವಾಗ ದೊಡ್ಡಮ್ಮನ ಕೈಗೆ ಬರುತ್ತಿತ್ತು. ಆಕೆ ಮುಗಿಸಿ, "ಮುಂದಿನ ಮಗೂಗೆ ಆಗುತ್ತೆ" ಎಂದು ಕೊಡುತ್ತಿದ್ದಳು. ಮಂಡ್ಯದ ಸೀಮೆಯಲ್ಲಿ ಸ್ವೆಟರು ಹಾಕಿಕೊಳ್ಳುವಷ್ಟು ಚಳಿ ಎಷ್ಟು ದಿನ ಇರುತ್ತದೆ ಎಂದು ನೀವು ಕೇಳಬಹುದು. ಅದನ್ನು ಆಗ ಯಾರೂ ಕೇಳಿಕೊಳ್ಳುತ್ತಿರಲಿಲ್ಲ. ಏಪ್ರಿಲ್ ತಿಂಗಳ ಉರಿಯಲ್ಲಿ, ಬೆವರಿದ ಬೆರಳಿಗೆ ಅಂಟಿಕೊಳ್ಳುವ ಉಲ್ಲನ್ನನ್ನು ಬಿಡಿಸಿಕೊಳ್ಳುತ್ತ, ಇಡೀ ಬೀದಿಯ ಹೆಂಗಸರು ಹಿಮಾಲಯದ ತಪ್ಪಲಲ್ಲಿ ಕೂತವರಂತೆ ಹೆಣೆಯುತ್ತಿದ್ದರು.

ಹೆಣೆಯುವಾಗ ದೊಡ್ಡಮ್ಮನನ್ನು ಮಾತಾಡಿಸಿದರೆ ಉತ್ತರ ಒಡನೆ ಬರುತ್ತಿರಲಿಲ್ಲ. ಕಡ್ಡಿಯ ಮೇಲಿನ ಸಾಲು ಮುಗಿದು, ಕಡ್ಡಿ ಕೈ ಬದಲಾಯಿಸಿದ ಮೇಲೆಯೇ ಬರುತ್ತಿತ್ತು. "ದೊಡ್ಡಮ್ಮ, ಹಾಲು ಉಕ್ಕಿತು" ಎಂದು ನಾನು ಹೇಳಿದರೆ, ಹಾಲು ಪೂರ್ತಿ ಚೆಲ್ಲಿ ಒಲೆ ಆರಿದ ಮೇಲೆ, "ಉರಿ ತಗ್ಗಿಸೇ" ಎನ್ನುತ್ತಿದ್ದಳು.

ಕಾಳಮ್ಮ ಬಂದಾಗಲೂ ಹಾಗೇ ಆಯಿತು. ಯುಗಾದಿ ಕಳೆದು, ಶಾಲೆಗೆ ಬೇಸಿಗೆ ರಜೆ ಬಂದಿತ್ತು. ಒಂದು ಮಧ್ಯಾಹ್ನ ಎತ್ತರದ ಹೆಂಗಸೊಬ್ಬರು ಕಂಕುಳಲ್ಲಿ ಟವೆಲ್ಲಿನ ಗಂಟು ಇಟ್ಟುಕೊಂಡು ಜಗುಲಿಯ ಮುಂದೆ ನಿಂತರು. ಗೆಜ್ಜಲಗೆರೆಯ ಹತ್ತಿರದವರು, ಒಳ್ಳೆಯ ಜಮೀನಿನ ಮನೆಯವರು ಎಂದು ಆಮೇಲೆ ತಿಳಿಯಿತು.

"ಒಲ್ಗೆ ಟೀಚರಮ್ಮ ಇವ್ರೇನಾ?" ಎಂದು ಕೇಳಿದರು. ದೊಡ್ಡಮ್ಮ ತಲೆ ಎತ್ತಲಿಲ್ಲ. ಅವರು ಸ್ವಲ್ಪ ಕಾದು ನನ್ನ ಕಡೆ ತಿರುಗಿದರು. "ಕಿವಿ ಕೇಳಾಕಿಲ್ವ ಇವ್ರಿಗೆ?"

"ಸಾಲು ಮುಗಿಸ್ತಿದ್ದಾರೆ. ಕೂತ್ಕೊಳಿ" ಎಂದೆ.

ಸಾಲು ಮುಗಿಯಿತು. "ಕೇಳುತ್ತೆ" ಎಂದಳು ದೊಡ್ಡಮ್ಮ. "ಏನು ತಂದಿದ್ದೀರಿ, ತೋರಿಸಿ."

ಟವೆಲ್ಲಿನೊಳಗಿಂದ ಬಂದದ್ದು ಒಂದು ಬಿಳಿಯ ಬಾಗಿಲು ಪರದೆ. ಅದರ ಮೇಲೆ ಬಾಗಿದ ಕೊಂಬೆ, ಕೊಂಬೆಯ ಮೇಲೆ ಒಂದು ಗಿಣಿ. ಕಸೂತಿಯ ಗಿಣಿಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಸಾಮಾನ್ಯವಾಗಿ ಅವು ಕಾಗೆಗೆ ಹಸಿರು ಬಣ್ಣ ಬಳಿದಂತೆ ಇರುತ್ತಿದ್ದವು. ಇದು ಹಾಗಲ್ಲ. ಕತ್ತಿನಲ್ಲಿ ಹಸಿರು ತಿಳಿಯಾಗುತ್ತ ಹಳದಿಗೆ ತಿರುಗಿತ್ತು. ತಲೆ ಕೊಂಚ ಓರೆಯಾಗಿತ್ತು, ಯಾರೋ ಕರೆದದ್ದನ್ನು ಕೇಳಿಸಿಕೊಂಡಂತೆ. ಆದರೆ ಗಿಣಿ ನೋಡುತ್ತಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಕೊಂಬೆ ಅರ್ಧಕ್ಕೇ ನಿಂತು, ಮುಂದೆ ಮಾಸಿದ ಪೆನ್ಸಿಲ್ ಗೀಟುಗಳಷ್ಟೇ ಇದ್ದವು. ಒಂದು ಎಲೆಯ ನಡುವೆ ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು.

"ಯಾರು ಹಾಕಿದ್ದು?"

"ನನ್ ಸೊಸೆ, ಸುಸೀಲ ಅಂತ. ಮಳವಳ್ಳಿಯೋಳು. ಎಸ್ಸೆಲ್ಸಿ ಓದವ್ಳೆ."

"ಮತ್ತೆ ಅವರೇ ಮುಗಿಸಬಹುದಲ್ಲ?"

"ಅವ್ಳು ತೌರ್ಗೆ ಓಗವ್ಳೆ. ಸಂಕ್ರಾಂತಿಗೆ ಅಂತ ಓದೋಳು." ಕಾಳಮ್ಮ ರೈಲು ಹಳಿಯ ಕಡೆ ನೋಡಿದರು. "ಒಂದ್ ಮಾತಂದೆ. ಅತ್ತೆ ಅಂತ ಇರೋಳು ಒಂದ್ ಮಾತ್ನೂ ಅನ್ಬಾರ್ದಾ? ಬುಡಿ ಅದ್ನ. ನನ್ ಮಗಳ ಮದ್ವೆ ವೈಸಾಕ್ದಲ್ಲಿ. ಬೀಗ್ರೆಲ್ಲ ಬತ್ತಾರೆ. ನಡುಮನೆ ಬಾಗ್ಲಿಗೆ ಇದ್ನ ಇಳಿಬುಡ್ಬೇಕು ಅಂತ ನನ್ನಾಸೆ. ವಸಿ ಮುಗ್ಸಿಕೊಡಿ ತಾಯಿ."

ದೊಡ್ಡಮ್ಮ ಪರದೆಯನ್ನು ತಿರುಗಿಸಿ ಹಿಂಬದಿಯನ್ನು ಬೆಳಕಿಗೆ ಹಿಡಿದಳು. "ನೋಡೇ" ಎಂದು ನನ್ನನ್ನು ಕರೆದಳು. ಹಿಂದೆಯೂ ಗಿಣಿ ಮುಂದಿನಷ್ಟೇ ಅಚ್ಚುಕಟ್ಟು, ಒಂದು ಗಂಟೂ ಕಾಣಲಿಲ್ಲ. ಸೂಜಿ ನಿಂತಿದ್ದ ಎಲೆಯ ಹತ್ತಿರ ಮಾತ್ರ ದಾರವನ್ನು ಜಗ್ಗಿ ಎಳೆದು ಬಟ್ಟೆ ಸುಕ್ಕಾಗಿತ್ತು. ದೊಡ್ಡಮ್ಮ ಆ ಸುಕ್ಕನ್ನು ಹೆಬ್ಬೆರಳಲ್ಲಿ ತೀಡಿದಳು. "ಬಿಟ್ಟುಹೋಗಿ. ನೋಡೋಣ" ಎಂದಷ್ಟೇ ಹೇಳಿದಳು. ಸೊಸೆಯ ತೌರುಮನೆ ಮಳವಳ್ಳಿಯಲ್ಲಿ ಯಾವ ಕಡೆ ಎಂದು ಮಾತಿನ ನಡುವೆ ಕೇಳಿಕೊಂಡದ್ದು ನನಗೆ ಆಗ ಗಮನಕ್ಕೆ ಬರಲಿಲ್ಲ.

ಪರದೆ ಕೆಲವು ದಿನ ಗೂಡಿನಲ್ಲೇ ಇತ್ತು. ದೊಡ್ಡಮ್ಮ ಅದನ್ನು ಮುಟ್ಟಲಿಲ್ಲ. ಆಮೇಲೊಂದು ಬೆಳಿಗ್ಗೆ ಅದನ್ನು ನನ್ನ ತೊಡೆಯ ಮೇಲೆ ಹಾಕಿ, "ಆ ಎಲೆ ನೀನು ಹಾಕೇ" ಎಂದಳು. ನನಗೆ ನಂಬಿಕೆ ಬರಲಿಲ್ಲ. ಅಷ್ಟು ಚಂದದ ಗಿಣಿಯ ಪಕ್ಕಕ್ಕೆ ನನ್ನ ಕೈಯ ಎಲೆ. ಊಟ ಬಿಟ್ಟು, ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಸಂಜೆಯವರೆಗೆ ಕೂತು ಹಾಕಿದೆ. ನನ್ನ ಜೀವನದಲ್ಲಿ ನಾನು ಮೊದಲ ಸಲ ಪೂರ್ತಿ ಮುಗಿಸಿದ ಕೆಲಸ ಅದು. ನೋಡಲು ಥೇಟ್ ಹಾಗಲಕಾಯಿ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಚೆನ್ನಾಗಿದೆ" ಎಂದಳು. ಆಕೆ ಯಾವುದನ್ನೂ ಚೆನ್ನಾಗಿದೆ ಎಂದವಳಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆ ಭಾನುವಾರ ಇಬ್ಬರೂ ಮಳವಳ್ಳಿಯ ಬಸ್ಸು ಹತ್ತಿದೆವು. ಯಾಕೆಂದು ಕೇಳಿದ್ದಕ್ಕೆ, "ಈ ಹಸಿರು ದಾರ ಮದ್ದೂರಲ್ಲಿ ಸಿಗ್ತಿಲ್ಲ" ಎಂದಳು. ಆ ದಾರಿ ಈಗಲೂ ನನಗೆ ಕನಸಿನಲ್ಲಿ ಬರುತ್ತದೆ. ಕಬ್ಬಿನ ಗದ್ದೆ, ನಾಲೆ, ನಾಲೆಯ ನೀರಲ್ಲಿ ಎಮ್ಮೆಗಳ ತಲೆ, ಆಲೆಮನೆಯ ಬೆಲ್ಲದ ವಾಸನೆ ಕಿಟಕಿಯಿಂದ ಬಂದು ಮಡಿಲಲ್ಲಿ ಕೂತು ಮುಂದಿನ ಊರಿನಲ್ಲಿ ಇಳಿದುಹೋಗುತ್ತಿತ್ತು. ಮಳವಳ್ಳಿ ಹತ್ತಿರವಾದಂತೆ ಹಿಪ್ಪುನೇರಳೆ ತೋಟಗಳು. ಬಸ್ಸು ನಿಂತಾಗಲೆಲ್ಲ ಅದರ ಜೊತೆ ಕಾಲವೂ ನಿಂತು ಹೊಂಗೆಯ ನೆರಳಲ್ಲಿ ಎಲೆ ಅಡಿಕೆ ಹಾಕಿಕೊಂಡು ಮತ್ತೆ ಹೊರಡುತ್ತಿದ್ದಂತೆ ಅನ್ನಿಸುತ್ತಿತ್ತು.

ಸುಶೀಲೆಯ ತೌರುಮನೆ ಊರ ಅಂಚಿನಲ್ಲಿತ್ತು. ರೇಷ್ಮೆ ಹುಳು ಸಾಕುವ ಮನೆ. ಕತ್ತಲ ಕೋಣೆಯಲ್ಲಿ ತಟ್ಟೆಗಳ ಮೇಲೆ ತಟ್ಟೆ, ತಟ್ಟೆಗಳಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು. ಸಣ್ಣಗೆ, ಎಡೆಬಿಡದೆ, ದೂರದಲ್ಲಿ ಯಾರೋ ಪಿಸುಮಾತಾಡುತ್ತಿರುವಂತೆ. ಸೊಪ್ಪು ಹೆಚ್ಚುತ್ತಿದ್ದ ಹುಡುಗಿ ಎದ್ದು ಬಂದಳು. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳಿರಬಹುದು. ತೆಳ್ಳಗಿದ್ದಳು, ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಪರದೆಯನ್ನು ಕಂಡದ್ದೇ ಅವಳ ಮುಖ ಬಿಗಿಯಿತು. "ಅತ್ತೆ ಕಳ್ಸುದ್ರಾ? ನನ್ನ ಕರ್ಕಂಡು ಬನ್ನಿ ಅಂದ್ರಾ?"

"ಇಲ್ಲ" ಎಂದಳು ದೊಡ್ಡಮ್ಮ. "ಪರದೆ ಮುಗಿಸಿಕೊಡಿ ಅಂದರು, ಅಷ್ಟೆ. ಈ ಹಸಿರು ಎಲ್ಲಿ ತಗೊಂಡ್ರಿ ಅಂತ ಕೇಳೋಕೆ ಬಂದೆ."

ಸುಶೀಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಟ್ಟೆಯನ್ನು ತೆಗೆದುಕೊಂಡಳು. ಬಿಡಿಸಿ ನೋಡಿದಳು. ನೋಡುತ್ತಲೇ ಇದ್ದವಳ ಕಣ್ಣು ನನ್ನ ಎಲೆಯ ಮೇಲೆ ನಿಂತಿತು.

"ಇದ್ಯಾರು ಆಕಿದ್ದು?"

"ಇವಳು" ಎಂದಳು ದೊಡ್ಡಮ್ಮ. ನಾನು ವಿನಯದಿಂದ ತಲೆ ತಗ್ಗಿಸಿದೆ, ಹೊಗಳಿಕೆ ಬರುತ್ತದೆಂದು.

ಸುಶೀಲೆ ನನ್ನನ್ನು ನೋಡಿದಳು, ಎಲೆಯನ್ನು ನೋಡಿದಳು. "ಬ್ಯಾಸ್ರ ಮಾಡ್ಕಬ್ಯಾಡಿ" ಎಂದಳು. "ಕತ್ರಿ ಅದಾ?"

ದೊಡ್ಡಮ್ಮನ ಚೀಲದ ಮೇಲುಗಡೆಯೇ ಕತ್ತರಿ ಇತ್ತು. ಸುಶೀಲೆ ಹೊಸ್ತಿಲ ಬೆಳಕಲ್ಲಿ ಕೂತು, ನಾನು ಒಂದು ದಿನವೆಲ್ಲ ಕೂತು ಹಾಕಿದ್ದ ಎಲೆಯನ್ನು ಎಳೆ ಎಳೆಯಾಗಿ ಬಿಚ್ಚಿದಳು. ಬಟ್ಟೆಗೆ ನೋವಾಗಬಾರದು ಎಂಬಷ್ಟು ಮೆತ್ತಗೆ. ದೊಡ್ಡಮ್ಮ ಮಾಡಿನ ಕಡೆ ನೋಡುತ್ತ, "ಉಳಿದದ್ದನ್ನೂ ಇವಳ ಕೈಲೇ ಹಾಕಿಸೋಣ ಅಂತಿದ್ದೀನಿ" ಎಂದಳು.

"ಬ್ಯಾಡಿ" ಎಂದಳು ಸುಶೀಲೆ ತಟ್ಟನೆ. ಬಿಚ್ಚಿದ ಎಳೆಗಳನ್ನು ಬೆರಳಿಗೆ ಸುತ್ತಿಕೊಂಡು, "ನಾನೇ ಆಕ್ತೀನಿ. ಆದ್ರೆ ಆ ಮನೇಗೆ ಬರಾಕಿಲ್ಲ" ಎಂದಳು.

"ಆ ಮನೆಗೆ ಯಾರು ಕರೆದರು? ಇಲ್ಲಿ ಸೊಪ್ಪಿನ ಕಲೆ ಬಿದ್ದರೆ ಬಿಳಿ ಬಟ್ಟೆಗೆ ಹೋಗಲ್ಲ. ನಮ್ಮನೆಗೆ ಬನ್ನಿ, ಜಗುಲಿ ಇದೆ."

ಅವಳ ಅಪ್ಪ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. "ಓಗ್ಬುಟ್ಟು ಬಾ ಮಗ. ಇಲ್ಲಿ ಕುಂತು ಏನ್ ಮಾಡೀಯೆ" ಎಂದರು. ವಾಪಸು ಬರುವ ಬಸ್ಸಿನಲ್ಲಿ ನಾವು ಮೂರು ಜನ. ನನ್ನ ಹಾಗಲಕಾಯಿ ಎಲೆಯ ಬೆಲೆ ನನಗೆ ಗೊತ್ತಾದದ್ದು ಆಗ. ಒಬ್ಬ ಹುಡುಗಿಯನ್ನು ಊರಿನಿಂದ ಎಬ್ಬಿಸಿ ತರುವಷ್ಟು ಕೆಟ್ಟದಾಗಿ ಅದನ್ನು ಹಾಕಲು ನನ್ನಿಂದ ಮಾತ್ರ ಸಾಧ್ಯವಿತ್ತು ಎಂದು ದೊಡ್ಡಮ್ಮನಿಗೆ ತಿಳಿದಿತ್ತು.

ಆ ದಿನಗಳನ್ನು ಹೇಗೆ ಹೇಳಲಿ. ಬೆಳಗ್ಗೆ ಜಗುಲಿಗೆ ನೀರು ಚಿಮುಕಿಸಿ, ಚಾಪೆ ಹಾಸಿ ಮೂವರೂ ಕೂರುತ್ತಿದ್ದೆವು. ಹೊಂಗೆಯ ಹೂವು ಮಡಿಲಿಗೆ, ಬಟ್ಟೆಗೆ, ದಾರದ ಲಡಿಗಳ ಮೇಲೆ ಉದುರುತ್ತಿತ್ತು. ಸುಶೀಲೆಯ ಸೂಜಿ ಬಟ್ಟೆಯನ್ನು ದಾಟುವಾಗ 'ಪಕ್' ಎಂಬ ಸಣ್ಣ ಸದ್ದು, ದೊಡ್ಡಮ್ಮನ ಕಡ್ಡಿಗಳ ಟಕಟಕ, ನಡುವೆ ರೈಲು, ಲೋಟಗಳ ಮಾತು, ಮತ್ತೆ ನಿಶ್ಶಬ್ದ. ಬಿಸಿಲು ಮೆಟ್ಟಿಲು ಏರಿ ನಮ್ಮ ಕಾಲು ಮುಟ್ಟಿದರೆ ಚಾಪೆಯನ್ನು ಒಂದು ಮೊಳ ಹಿಂದಕ್ಕೆ ಎಳೆಯುತ್ತಿದ್ದೆವು. ದಿನದ ಲೆಕ್ಕವೆಲ್ಲ ಚಾಪೆ ಎಷ್ಟು ಹಿಂದೆ ಸರಿಯಿತು ಎಂಬುದರಲ್ಲೇ. ಸುಶೀಲೆ ನನಗೆ ಏನನ್ನೂ ಹೇಳಿಕೊಡಲಿಲ್ಲ. ನಾನು ಕಸೂತಿ ಹಾಕುತ್ತಿದ್ದ ಕರವಸ್ತ್ರವನ್ನು ಆಗಾಗ ಎತ್ತಿ ನೋಡಿ, ಸುಮ್ಮನೆ ವಾಪಸು ಇಡುತ್ತಿದ್ದಳು. ಅವಳು ಇಡುವ ರೀತಿಯಲ್ಲೇ ಅದನ್ನು ಬಿಚ್ಚಬೇಕೋ ಬೇಡವೋ ಎಂದು ನನಗೆ ತಿಳಿಯುತ್ತಿತ್ತು. ಬಿಚ್ಚಿ ಬಿಚ್ಚಿ ಹಾಕಿ, ಆ ಕರವಸ್ತ್ರದ ನಾಲ್ಕೂ ಅಂಚನ್ನು ನಾನು ಮುಗಿಸಿದೆ.

ಕೆಲವು ಸಂಜೆ ಹೊಂಗೆ ಮರದಾಚೆ ಸೈಕಲ್ಲಿನ ಗಂಟೆ ಕೇಳುತ್ತಿತ್ತು. ಸುಶೀಲೆಯ ಗಂಡ ಗೆಜ್ಜಲಗೆರೆಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವ್ವನಿಗೆ ಗೊತ್ತಾಗದಂತೆ ಮಳವಳ್ಳಿಯವರೆಗೂ ಸೈಕಲ್ಲು ತುಳಿದುಕೊಂಡು ಹೋಗಿ ಹೆಂಡತಿಯನ್ನು ನೋಡಿ ಬರುತ್ತಿದ್ದವನಿಗೆ ಈಗ ದಾರಿ ಬಹಳ ಕಡಿಮೆಯಾಗಿತ್ತು. ಗಂಟೆ ಕೇಳಿದೊಡನೆ ದೊಡ್ಡಮ್ಮನಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ನಾನು ಅಲ್ಲೇ ಕೂತಿದ್ದರೆ, ಆ ಸಲ ಮಾತ್ರ ಸಾಲು ಮುಗಿಯುವುದನ್ನು ಕಾಯದೆ, "ಪದ್ಮಾ, ಬಾರೇ ಒಳಗೆ" ಎಂದು ಕರೆಯುತ್ತಿದ್ದಳು.

ಪೆನ್ಸಿಲ್ ಗೀಟುಗಳು ಇದ್ದ ಜಾಗವನ್ನು ಮಾತ್ರ ಸುಶೀಲೆ ಮುಟ್ಟುತ್ತಿರಲಿಲ್ಲ. ಕೊಂಬೆ ಮುಗಿಯಿತು, ಅಂಚಿನ ಬಳ್ಳಿ ಮುಗಿಯಿತು, ಆ ಜಾಗದ ಸುತ್ತ ಮುತ್ತ ಎಲ್ಲ ತುಂಬಿತು. ದೊಡ್ಡಮ್ಮ ಅದೇನೆಂದು ಕೇಳಲಿಲ್ಲ, ನನ್ನನ್ನೂ ಕೇಳಗೊಡಲಿಲ್ಲ.

ಒಂದು ದಿನ ಕೆಂಪು ದಾರ ಬೇಕಾಯಿತು. ಕೆಂಪು ದಾರ ಬಣ್ಣ ಬಿಡುತ್ತದೆ, ಮೊದಲೇ ಒಗೆದು ನೋಡದಿದ್ದರೆ ಒಂದೇ ಒಗೆತಕ್ಕೆ ಬಿಳಿ ಬಟ್ಟೆಯೆಲ್ಲ ಗುಲಾಬಿ. "ಹೊಳೆ ನೀರಲ್ಲಿ ತೊಳೀಬೇಕು, ಬಾವಿ ನೀರಿಗೆ ಬಣ್ಣ ಬಿಡಲ್ಲ" ಎಂದು ಹೇಳಿ ದೊಡ್ಡಮ್ಮ ನಮ್ಮಿಬ್ಬರನ್ನು ವೈದ್ಯನಾಥಪುರಕ್ಕೆ ಕಳಿಸಿದಳು. ದೇವರಿಗೆ ಕೈಮುಗಿದು ಶಿಂಷಾ ಹೊಳೆಗೆ ಇಳಿದೆವು. ಬೇಸಿಗೆಯ ಹೊಳೆ, ಮೊಣಕಾಲಿಗೆ ಬರುವಷ್ಟು ನೀರು, ತಳದ ಮರಳು ಕಾಣುತ್ತಿತ್ತು. ಸುಶೀಲೆ ಲಡಿಯ ಒಂದು ತುದಿ ಬೆರಳಿಗೆ ಸುತ್ತಿಕೊಂಡು ಉಳಿದದ್ದನ್ನು ನೀರಿಗೆ ಬಿಟ್ಟಳು. ಎಳೆಗಳೆಲ್ಲ ಬಿಡಿಸಿಕೊಂಡು ಹರಿವಿನ ಜೊತೆ ಉದ್ದಕ್ಕೆ ತೇಲಿದವು. ಕೆಂಪು ಸಣ್ಣಗೆ ಹೊಗೆಯಂತೆ ಹೊರಟು, ಸ್ವಲ್ಪ ದೂರ ಹೋಗಿ ನೀರೇ ಆಗುತ್ತಿತ್ತು. ಅದನ್ನು ನೋಡುತ್ತ ನನಗೆ ನಿದ್ದೆ ಬಂದಂತಾಗಿತ್ತು.

"ಅದು ಗೂಡು" ಎಂದಳು ಅವಳು. ನನಗೆ ಮೊದಲು ಅರ್ಥವಾಗಲಿಲ್ಲ. "ಪೆನ್ಸಿಲ್ಲಲ್ಲಿ ಬರ್ದಿರೋದು. ಗೂಡು, ಅದ್ರೊಳಗೊಂದು ಮರಿ. ನಂಗೆ ಆಗ ನಾಕ್ ತಿಂಗ್ಳು. ಮಗ ಉಟ್ಟೋ ಒತ್ಗೆ ಮುಗಿಸ್ಬೇಕು ಅಂತ ಸುರು ಮಾಡ್ದೆ. ಆಮೇಲೆ ಅದು ನಿಲ್ನಿಲ್ಲ."

ನಾನು ನೀರಲ್ಲಿ ತೇಲುತ್ತಿದ್ದ ಎಳೆಗಳನ್ನು ಕೈಯಿಂದ ಬಿಡಿಸಿದೆ.

"ಕೈ ಸುಮ್ಕಿದ್ರೆ ತಲೆ ಕೆಡ್ತದೆ ಅಂತ ಮತ್ತೆ ಆಕ್ತಾ ಕುಂತೆ. ಅತ್ತೆ ಬಂದು, 'ಬಟ್ಟೆ ಮ್ಯಾಲೆ ಮರಿ ಮಾಡಿದ್ದು ಸಾಕು, ಮನೇಗೊಂದು ಮಾಡಮ್ಮಿ' ಅಂದ್ಬುಟ್ರು. ಸೂಜಿ ಅಂಗೇ ಬುಟ್ಟು ಎದ್ದೆ." ಅವಳು ಲಡಿಯನ್ನು ಮೇಲಕ್ಕೆತ್ತಿ ಹಿಂಡಿದಳು. ತೊಟ್ಟಿಕ್ಕಿದ ನೀರು ಇನ್ನೂ ಕೆಂಪಗಿತ್ತು. ಮತ್ತೆ ನೀರಿಗೆ ಬಿಟ್ಟಳು. "ಅವ್ರು ಕೆಟ್ಟೋರಲ್ಲ. ಜರ ಬಂದಾಗ ನನ್ ಕಾಲು ಒತ್ತವ್ರೆ. ಅದ್ಕೇ ಜಾಸ್ತಿ ನೋಯ್ತದೆ."

ನೀರು ತಿಳಿಯಾಗುವವರೆಗೆ ಅಲ್ಲೇ ಕೂತಿದ್ದೆವು. ಮನೆಗೆ ಬಂದು ನಾನು ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದೆ. ಆಕೆ ಸಾಲು ಮುಗಿಸಿದಳು. ಇನ್ನೊಂದು ಸಾಲು ಹಾಕಿದಳು. ಅದೂ ಮುಗಿಯಿತು. ಉತ್ತರ ಬರಲೇ ಇಲ್ಲ.

ಮದುವೆ ಹತ್ತಿರ ಬಂತು. ಪರದೆ ಎಲ್ಲಿಗೆ ಬಂತೆಂದು ನೋಡಲು ಕಾಳಮ್ಮ ಒಂದು ಮಧ್ಯಾಹ್ನ ಬಂದರು. ಮೆಟ್ಟಿಲ ಮೇಲೆ ಕಾಲಿಟ್ಟವರು ಸೊಸೆಯನ್ನು ಕಂಡು ಹಾಗೇ ನಿಂತರು. ಸುಶೀಲೆಯ ಸೂಜಿ ನಿಂತಿತು.

"ಆಮೇಕೆ ಬತ್ತೀನಿ" ಎಂದು ಕಾಳಮ್ಮ ತಿರುಗಿದರು.

"ಕಾಳಮ್ಮ, ಹೋಗೋದಕ್ಕೆ ಮುಂಚೆ ಸ್ವಲ್ಪ ಇಲ್ಲಿ ಕೂತು ಕೈ ಕೊಡಿ" ಎಂದಳು ದೊಡ್ಡಮ್ಮ. ಏನು ಎತ್ತ ಎಂದು ಅವರು ಯೋಚಿಸುವುದರೊಳಗೆ ಅವರನ್ನು ಚಾಪೆಯ ಮೇಲೆ ಕೂರಿಸಿ, ಎರಡೂ ಕೈಗಳನ್ನು ಮುಂದೆ ಚಾಚಿಸಿ, ಬೂದು ಬಣ್ಣದ ಉಲ್ಲನ್ನಿನ ದೊಡ್ಡ ಲಡಿಯೊಂದನ್ನು ಮಣಿಕಟ್ಟುಗಳಿಗೆ ಏರಿಸಿಬಿಟ್ಟಳು. ಲಡಿಯ ಉಲ್ಲನ್ನನ್ನು ಉಂಡೆ ಸುತ್ತಬೇಕಾದರೆ ಒಬ್ಬರು ಹೀಗೆ ಹಿಡಿಯಬೇಕು, ಇನ್ನೊಬ್ಬರು ಎದುರು ಕೂತು ಸುತ್ತಬೇಕು. ಎಳೆಯ ತುದಿಯನ್ನು ಹುಡುಕಿ ದೊಡ್ಡಮ್ಮ ಸುಶೀಲೆಯ ಕೈಗೆ ಕೊಟ್ಟಳು. ಕೊಟ್ಟು ತಾನು ಹೋಗಿ ಕಂಬದ ಹತ್ತಿರ ಹೆಣಿಗೆ ಹಿಡಿದು ಕೂತಳು.

ಸುಶೀಲೆ ಆ ತುದಿಯನ್ನು ನೋಡುತ್ತ ಕೂತಳು. ಕಾಳಮ್ಮ ಕೈ ಚಾಚಿಕೊಂಡು ಏಳಲಾರದೆ ಇಳಿಸಲಾರದೆ ಕೂತರು. ಕೊನೆಗೆ ಸುಶೀಲೆ ಸುತ್ತತೊಡಗಿದಳು. ಎಳೆ ಬಿಚ್ಚಿಕೊಂಡು ಬರುತ್ತಿದ್ದಂತೆ ಕಾಳಮ್ಮನ ಕೈಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಾವಾಗಿಯೇ ತೂಗತೊಡಗಿದವು.

ಬಹಳ ಹೊತ್ತಿನ ಮೇಲೆ, "ಸರ್ಯಾಗಿ ಉಣ್ತಿದ್ದೀಯಾ?" ಎಂದರು.

"ಊಂ."

"ಸೊರಗೋಗಿದ್ದೀಯೆ."

ಸುಶೀಲೆ ಉಂಡೆಯನ್ನು ಸುತ್ತುತ್ತಲೇ ಇದ್ದಳು.

"ಅಂಗನ್ಬಾರ್ದಾಗಿತ್ತು ಕಣಮ್ಮಿ" ಎಂದರು ಕಾಳಮ್ಮ, ಲಡಿಯನ್ನು ನೋಡುತ್ತ. "ಬಾಯ್ಗೆ ಬಂದ್ಬುಡ್ತು. ನಿಮ್ಮಾವನ ಅವ್ವ ನಂಗೂ ಅಂಗೇ ಅಂದಿದ್ಲು. ನಿನ್ ಗಂಡ ಉಟ್ಟಾಕೆ ಮುಂಚೆ ನನ್ವೂ ಎರಡು ಓಗವೆ. ಒಂದ್ಕೆ ಮನ್ಸಲ್ಲೇ ಎಸ್ರು ಕಟ್ಟಿದ್ದೆ. ಯಾರ್ಗೂ ಯೋಳ್ಲಿಲ್ಲ."

ಉಂಡೆ ನಿಂತಿತು. ಕಾಳಮ್ಮನ ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಉಲ್ಲನ್ನಿನೊಳಗೆ. ಅವರು ಮುಖವನ್ನು ತೋಳಿಗೆ ಒರೆಸಲು ನೋಡಿದರು, ಎಟುಕಲಿಲ್ಲ. ಸುಶೀಲೆ ಉಂಡೆಯನ್ನು ಮಡಿಲಲ್ಲಿಟ್ಟು, ಮುಂದಕ್ಕೆ ಬಾಗಿ, ತನ್ನ ಸೆರಗಿನಿಂದ ಅತ್ತೆಯ ಮುಖವನ್ನು ಒರೆಸಿದಳು.

"ಏನ್ ಎಸ್ರು ಕಟ್ಟಿದ್ರಿ?" ಎಂದು ಮೆಲ್ಲಗೆ ಕೇಳಿದಳು.

ಕಾಳಮ್ಮ ಏನೋ ಹೇಳಿದರು. ಅದೇ ಹೊತ್ತಿಗೆ ರೈಲು ಬಂತು. ತುಟಿ ಅಲ್ಲಾಡಿದ್ದು ಕಂಡಿತು, ಹೆಸರು ನಮಗೆ ಕೇಳಲಿಲ್ಲ.

ಅವತ್ತೇ ಸೊಸೆಯನ್ನು ಕರೆದುಕೊಂಡು ಹೋಗುತ್ತಾರೆಂದು ನಾನು ಎಣಿಸಿದ್ದೆ. ಆದರೆ ಸುಶೀಲೆ, "ವಸಿ ಉಳಿದದೆ ಅತ್ತೆ. ಮುಗಿಸ್ಕಂಡು ಬತ್ತೀನಿ" ಎಂದಳು. ಕಾಳಮ್ಮ ತಲೆಯಾಡಿಸಿ ಒಬ್ಬರೇ ಬಸ್ಸಿಗೆ ಹೋದರು.

ಆ ಸಂಜೆಯೇ ಸುಶೀಲೆ ಪೆನ್ಸಿಲ್ ಗೀಟಿನ ಜಾಗಕ್ಕೆ ಸೂಜಿ ಇಟ್ಟಳು. ಗೂಡಿನ ದುಂಡನ್ನು ಸೀಬೆಹಣ್ಣು ಮಾಡಿದಳು, ಒಂದು ಕಡೆ ಗಿಣಿ ಕಚ್ಚಿ ಒಳಗಿನ ಕೆಂಪು ಕಾಣುತ್ತಿದ್ದ ಹಣ್ಣು. ಮರಿಯಿದ್ದ ಕಡೆ ಒಂದರ ಮೇಲೊಂದು ಎಲೆ ಬಂದವು. ಅಳಿಸಲಿಲ್ಲ, ಅದರ ಮೇಲೆಯೇ ಹಾಕಿದಳು. ಸೊಸೆಯನ್ನು ಕರೆದೊಯ್ಯಲು ಬಂದ ಕಾಳಮ್ಮ ಮುಗಿದ ಪರದೆಯನ್ನು ನೋಡಿ, "ಸೀಬೆಅಣ್ಣಾ?" ಎಂದು ಕೇಳಿದರು. ಹೌದೆಂದಾಗ, "ಗಿಣಿಗೆ ಸರ್ಯಾಗದೆ" ಎಂದರು. ಆ ಎಲೆಗಳ ಕೆಳಗೆ ಇನ್ನೇನೋ ಇದೆ ಎಂದು ಯಾರೂ ಹೇಳಲಿಲ್ಲ. ಅವರಿಗೆ ಗೊತ್ತಿತ್ತೋ ಏನೋ, ಆ ಎಲೆಗಳ ಮೇಲೆ ಅವರ ಕೈ ಸ್ವಲ್ಪ ಹೊತ್ತು ಇತ್ತು.

ಮದುವೆಗೆ ನಾನೂ ದೊಡ್ಡಮ್ಮನೂ ಹೋಗಿದ್ದೆವು. ನಡುಮನೆಯ ಬಾಗಿಲಲ್ಲಿ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಕಾಳಮ್ಮ ಬೀಗರಿಗೆಲ್ಲ, "ನನ್ ಸೊಸೆ ಆಕಿದ್ದು" ಎಂದು ಹೇಳುತ್ತಿದ್ದರು, ಕೇಳಿದವರಿಗೂ ಕೇಳದವರಿಗೂ. ಕೆಲವು ವರ್ಷಗಳ ಮೇಲೆ ಸುಶೀಲೆಗೆ ಮಗಳು ಹುಟ್ಟಿದಳೆಂದು ಕೇಳಿದೆ. ಊರಿನ ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತಿದ್ದಾಳೆಂದೂ, ಅತ್ತೆ ಪಕ್ಕದಲ್ಲಿ ಕೂತು ಕೋಳಿಗಳನ್ನು ಓಡಿಸುತ್ತಾರೆಂದೂ ದೊಡ್ಡಮ್ಮ ಬರೆದಿದ್ದಳು. ನಾನು ಅಷ್ಟು ಹೊತ್ತಿಗೆ ರಸಾಯನಶಾಸ್ತ್ರವನ್ನು ಹೇಗೋ ದಾಟಿ, ಮದುವೆಯಾಗಿ ಬೇರೆ ಊರು ಸೇರಿದ್ದೆ. ದೊಡ್ಡಮ್ಮ ಈಗಿಲ್ಲ.

ಆದರೆ ಆ ಕಾಲವನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು ಮದುವೆಯ ಮನೆಯಲ್ಲ. ಅದಕ್ಕೂ ಮುಂಚೆ, ಪರದೆ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ನಮ್ಮ ಮನೆಯಿಂದ ಹೊರಟ ಬೆಳಿಗ್ಗೆ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಸುಶೀಲೆ ಮುಂದೆ ಬಿರುಸಾಗಿ ನಡೆಯುತ್ತಿದ್ದಳು, ತಿರುಗಿಯೂ ನೋಡದೆ. ಮನಸ್ಸು ಪೂರ್ತಿ ತಿಳಿಯಾಗಿರಲಿಲ್ಲವೇನೋ. ಕಾಳಮ್ಮ ಸೊಸೆಯ ಬಟ್ಟೆಯ ಚೀಲವನ್ನು ಹೊತ್ತು ಹಿಂದೆ ಹಿಂದೆ ಹೋಗುತ್ತಿದ್ದರು. ಇಬ್ಬರ ನಡುವಿನ ದೂರ ಹೆಚ್ಚುತ್ತಲೇ ಹೋಯಿತು.

"ವಸಿ ನಿಲ್ಲಮ್ಮಿ" ಎಂದು ಅವರು ಕೂಗಿದ್ದು ಕೇಳಿತು. "ಮಂಡಿ ನೋಯ್ತದೆ."

ಸುಶೀಲೆ ನಿಂತಳು. ತಿರುಗಲಿಲ್ಲ, ಬೀದಿಯ ನಡುವೆ ಬೆನ್ನು ಮಾಡಿಕೊಂಡೇ ಕಾದಳು. ಕಾಳಮ್ಮ ಬಂದು ಪಕ್ಕಕ್ಕೆ ಸೇರಿದಾಗ, ಅವರ ಕೈಯಿಂದ ಚೀಲವನ್ನು ತೆಗೆದುಕೊಂಡಳು. ಆಮೇಲೆ ಇಬ್ಬರೂ ನಡೆದರು, ಕಾಳಮ್ಮನ ಮಂಡಿ ಎಷ್ಟು ನಡೆಯಬಲ್ಲದೋ ಅಷ್ಟು ನಿಧಾನವಾಗಿ. ಎದುರಿನಿಂದ ಕಬ್ಬು ತುಂಬಿದ ಗಾಡಿಯೊಂದು ಬಂತು. ಅದು ದಾಟಿಹೋಗುವ ಹೊತ್ತಿಗೆ ಬೀದಿ ಖಾಲಿಯಾಗಿತ್ತು, ಗಾಡಿಯಿಂದ ಉದುರಿದ ಸೋಗೆ ಬಿಸಿಲಲ್ಲಿ ಬಿದ್ದಿತ್ತು.